ಕೊರೊನಾ ವರ್ಷದ ಡಿಎ ಬಾಕಿ: ಕೆಲಸ ಬಿಟ್ಟವರಿಗೂ ಸಿಗುತ್ತಾ?

ಕೆಂಗೇರಿ ಹುಡುಗಿ:
ಅಮ್ಮ ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದರು. 2020ರಲ್ಲಿ ಲಾಕ್‌ಡೌನ್ ಮುಗಿದು ಫ್ಯಾಕ್ಟರಿ ತೆರೆದಾಗ ಬಸ್ ಇಲ್ಲದೆ ನಡೆದೇ ಹೋಗುತ್ತಿದ್ದರು. ಲೈನಿನಲ್ಲಿ ಅರ್ಧ ಜನ, ಟಾರ್ಗೆಟ್ ಮಾತ್ರ ಅಷ್ಟೇ. 2021ರಲ್ಲಿ ಕೆಲಸ ಬಿಟ್ಟರು. ಮೊನ್ನೆ ಅವರ ಜೊತೆ ಕೆಲಸ ಮಾಡುತ್ತಿದ್ದ ಆಂಟಿ ಸಿಕ್ಕಿ, ಆ ವರ್ಷದ ಡಿಎ ಬಾಕಿ ನಮಗೆಲ್ಲ ಬಂತು, ನಿಮಗೆ ಬರಲಿಲ್ವಾ ಅಂದರು. ಏನಿದು? ಬಿಟ್ಟವರಿಗೂ ಹಕ್ಕಿದೆಯಾ?

ಶಿವು, ಪೀಣ್ಯ:
ಖಂಡಿತ ಇದೆ. ಬೆಲೆ ಏರಿದ ಹಾಗೆ ಪ್ರತಿ ಏಪ್ರಿಲ್‌ನಲ್ಲಿ ಕನಿಷ್ಠ ಕೂಲಿಯ ತುಟ್ಟಿಭತ್ಯೆ, ಅಂದರೆ ಡಿಎ, ಏರುತ್ತದೆ. 2020ರಲ್ಲಿ ಏರಬೇಕಿದ್ದದ್ದು ತಿಂಗಳಿಗೆ ಸುಮಾರು 417 ರೂಪಾಯಿ. ಕೊರೊನಾ ಕಾರಣ ಕೊಟ್ಟು ರಾಜ್ಯ ಸರ್ಕಾರ ಜುಲೈನಲ್ಲಿ ಅದನ್ನು 2021ರ ಮಾರ್ಚ್‌ವರೆಗೆ ಮುಂದೂಡಿತು. ಯೂನಿಯನ್‌ನವರು ಹೈಕೋರ್ಟಿಗೆ ಹೋದರು, ಸೆಪ್ಟೆಂಬರ್‌ನಲ್ಲಿ ಆ ಆದೇಶಕ್ಕೆ ತಡೆ ಬಿತ್ತು. ಆಮೇಲೂ ಎಷ್ಟೋ ಕಂಪನಿಗಳು ಕೊಡಲಿಲ್ಲ. ಬಟ್ಟೆ ಕೊಳ್ಳುವ ವಿದೇಶಿ ಬ್ರ್ಯಾಂಡ್‌ಗಳ ಮೇಲೆ ಒತ್ತಡ ಬಿದ್ದ ಮೇಲೆ, 2022ರಲ್ಲಿ ದೊಡ್ಡ ಕಂಪನಿಗಳು ಬಾಕಿ ಕಟ್ಟಲು ಶುರು ಮಾಡಿದವು. ದಿನಕ್ಕೆ ಹದಿನಾರು ರೂಪಾಯಿ ಅಷ್ಟೇ. ಅದನ್ನೂ ಹಿಡಿದಿಟ್ಟುಕೊಂಡರು, ಅದೂ ಮನೆಯಲ್ಲಿ ರೇಷನ್ನಿಗೂ ಕಷ್ಟ ಇದ್ದ ವರ್ಷ.

ಲತಾ ಟೈಲರ್:
ನಮಗೆ ಬಂತು, ಆದರೆ ಕೆಲಸದಲ್ಲಿ ಉಳಿದವರಿಗೆ ಮೊದಲು. ಬಿಟ್ಟವರ ಬ್ಯಾಂಕ್ ಖಾತೆ ಬದಲಾಗಿತ್ತು, ಫೋನ್ ನಂಬರ್ ಬದಲಾಗಿತ್ತು, ಊರಿಗೆ ಹೋದವರನ್ನು ಯಾರೂ ಹುಡುಕಲಿಲ್ಲ. ಅಮ್ಮನಿಗೆ ಸೆಟಲ್‌ಮೆಂಟ್ ಆದಾಗ ಸಹಿ ಹಾಕಿಸಿಕೊಂಡ ಕಾಗದ ಇದ್ದರೆ ಎತ್ತಿಡಿ. ಓಟಿ ಮಾಡಿದ್ದರೆ ಅದರ ಲೆಕ್ಕವೂ ಬದಲಾಗುತ್ತೆ ಕಣಮ್ಮ, ಬರೀ 417 ಅಂತ ಒಪ್ಪಿಕೊಳ್ಳಬೇಡಿ.

ಕೆಂಗೇರಿ ಹುಡುಗಿ:
ಥ್ಯಾಂಕ್ಸ್ ಅಕ್ಕಾ. ಪೇಸ್ಲಿಪ್ ಒಂದೂ ಇಲ್ಲ, ಏನು ತೋರಿಸೋದು?

ಶಿವು, ಪೀಣ್ಯ:
ಪಿಎಫ್ ಪಾಸ್‌ಬುಕ್ ತೆಗೆಸಿ. ಮೂಲ ವೇತನ ಮತ್ತು ಡಿಎ ಸೇರಿಸಿ 12% ಕಡಿಯುತ್ತಾರೆ, ಹಾಗಾಗಿ ಡಿಎ ಏರಿದ್ದರೆ ಕಡಿತವೂ ಸುಮಾರು 50 ರೂಪಾಯಿ ಏರಿರಬೇಕು. 2020ರ ಫೆಬ್ರವರಿಯನ್ನೂ ನವೆಂಬರನ್ನೂ ಪಕ್ಕಪಕ್ಕ ಇಟ್ಟು ನೋಡಿ (ರಜೆ ಹಾಕದ ತಿಂಗಳುಗಳಾಗಿರಬೇಕು). ಏರಿಲ್ಲದಿದ್ದರೆ ಅದರ ಪ್ರಿಂಟ್ ಹಿಡಿದು ಮೊದಲು ಕಂಪನಿಯ ಎಚ್‌ಆರ್‌ಗೆ ಅರ್ಜಿ ಕೊಡಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಸುಮ್ನೆ ಓಡಾಡಿಸಿದರೆ ಕಾರ್ಮಿಕ ಇಲಾಖೆ. ಯೂನಿಯನ್‌ನವರನ್ನು ಜೊತೆಗೆ ಕರೆದುಕೊಂಡು ಹೋಗಿ, ಒಬ್ಬರೇ ಹೋಗಬೇಡಿ.