ಉಪ್ಪಿನಕಾಯಿ ಮಾರೋಕೆ ವೆಬ್‌ಸೈಟ್: 48 ಸಾವಿರ ಜಾಸ್ತಿನಾ?

ಪ್ರಶ್ನೆ: ನಮಸ್ಕಾರ. ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಮನೆಯಲ್ಲೇ ಅಪ್ಪೆಮಿಡಿ (ಎಳೆ ಮಾವಿನಕಾಯಿ) ಉಪ್ಪಿನಕಾಯಿ ಹಾಕಿ ವಾಟ್ಸಾಪ್‌ನಲ್ಲಿ ಮಾರ್ತೀನಿ. ವರ್ಷಕ್ಕೆ ಸುಮಾರು 600 ಬಾಟಲಿ ಹೋಗುತ್ತೆ. ಅರ್ಧ ಕೆ.ಜಿ.ಗೆ 300 ರೂಪಾಯಿ, ಗಿರಾಕಿಗಳೆಲ್ಲ ಹೆಚ್ಚಾಗಿ ಬೆಂಗಳೂರಿನವರು. ವೆಬ್‌ಸೈಟ್ ಮಾಡಿಸೋಣ ಅಂತ ವಿಚಾರಿಸಿದ್ರೆ 48,000 ಹೇಳಿದ್ರು. ಎರಡನೇ ವರ್ಷದಿಂದ ನಿರ್ವಹಣೆಗೆ ವರ್ಷಕ್ಕೆ 12,000 ಅಂತೆ. ಡೊಮೈನ್ (ಅಂದ್ರೆ ಸೈಟಿನ ಹೆಸರು), ಹೋಸ್ಟಿಂಗ್ (ಸೈಟ್ ಇಡೋ ಜಾಗದ ಬಾಡಿಗೆ) ಮೊದಲ ವರ್ಷ ಫ್ರೀ ಅಂತೆ. ಜಾಸ್ತಿ ಆಯ್ತಾ? ಬಾಟಲಿ ಫೋಟೋನೂ ಹಾಕಿದೀನಿ, ಇದೇ ಸಾಕಾ ನೋಡಿ.

ಉತ್ತರ: ಅಕ್ಕಾ, ನಾನು ಶಿವಮೊಗ್ಗದಲ್ಲಿ ಇದೇ ಕೆಲಸ ಮಾಡೋನು. ಮೊದಲು ಆ ದುಡ್ಡನ್ನ ಬಾಟಲಿ ಲೆಕ್ಕಕ್ಕೆ ಇಳಿಸೋಣ. 48,000, ಆಮೇಲೆ ಎರಡು ವರ್ಷ 12,000. ಮೂರು ವರ್ಷಕ್ಕೆ 72,000. ಅಷ್ಟರಲ್ಲಿ ನೀವು ಮಾರೋದು 1,800 ಬಾಟಲಿ. ಅಂದ್ರೆ ಬಾಟಲಿಗೆ 40 ರೂಪಾಯಿ ವೆಬ್‌ಸೈಟಿಗೇ ಹೋಯ್ತು. ಮಿಡಿ, ಮೆಣಸು, ಸಾಸಿವೆ, ಕೂಲಿ ಕಳೆದ ಮೇಲೆ 300ರಲ್ಲಿ ಉಳಿಯೋದೆಷ್ಟು ಅಂತ ನನಗಿಂತ ನಿಮಗೇ ಗೊತ್ತು. ಮರ ಕಾಯಿ ಬಿಡದ ವರ್ಷದ ಮಿಡಿ ರೇಟೂ ಗೊತ್ತು.

ವೆಬ್‌ಸೈಟ್ ಅಂದ್ರೆ ಅಡಿಕೆ ತೋಟ ಇದ್ದ ಹಾಗೆ. ಸಸಿ ನೆಡೋ ಖರ್ಚು ಒಂದು ಸಲ. ಕೊಳೆ ರೋಗದ ಔಷಧಿ ಪ್ರತಿ ಮಳೆಗಾಲವೂ ಹೊಡೆಸಬೇಕು. ಎಲ್ಲರೂ ಸಸಿ ರೇಟು ಕೇಳ್ತಾರೆ, ಔಷಧಿ ಲೆಕ್ಕ ಯಾರೂ ಹಾಕಲ್ಲ. ಹೋಸ್ಟಿಂಗ್ ಕಂಪನಿಗಳು ಬದುಕೋದೇ ಅದರ ಮೇಲೆ: ಮೊದಲ ವರ್ಷ ಅಗ್ಗ, ನವೀಕರಣಕ್ಕೆ ಬಂದಾಗ ಎರಡು ಮೂರು ಪಟ್ಟು. ಹಾಗಾಗಿ 'ಫ್ರೀ' ಅಂದ ಕೂಡ್ಲೆ 'ಎರಡನೇ ವರ್ಷ ಎಷ್ಟು, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿದೆಯಾ' ಅಂತ ಬರವಣಿಗೆಯಲ್ಲಿ ಕೇಳಿ. ಕೊಟೇಶನ್‌ನಲ್ಲಿ ಎಸ್‌ಎಸ್‌ಎಲ್‌ಗೆ (ಸೈಟಿಗೆ ಬೀಗದ ಗುರುತು ಕೊಡೋ ಭದ್ರತಾ ಪ್ರಮಾಣಪತ್ರ) ಬೇರೆ ದುಡ್ಡು ಹಾಕಿದ್ರೆ ತೆಗೆಸಿ. ನಿಮ್ಮಂಥ ಸೈಟಿಗೆ ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆಯದ್ದು ಪುಕ್ಕಟೆ ಸಿಗುತ್ತೆ, ಸಾಕಾಗುತ್ತೆ. ಸೈಟ್ ಕಟ್ಟೋ ವರ್ಡ್‌ಪ್ರೆಸ್ ಸಾಫ್ಟ್‌ವೇರ್ ಕೂಡ ಪುಕ್ಕಟೆನೇ, ನೀವು ಕೊಡೋದು ಕೆಲಸದ ಕೂಲಿ.

ನಾನಾದ್ರೆ ಈಗ ಸೈಟಲ್ಲೇ ಆರ್ಡರ್ ಮಾಡಿ ದುಡ್ಡು ಕಟ್ಟೋ ಕಾರ್ಟ್ ಗೀರ್ಟ್ ಏನೂ ಹಾಕಲ್ಲ. ಐದು ಪುಟ, ಒಂದು ವಾಟ್ಸಾಪ್ ಬಟನ್, ಒಂದು ಯುಪಿಐ ಕ್ಯೂಆರ್. ಅಂಥದ್ದಕ್ಕೆ ಕೂಲಿ 15,000, ಫೋಟೋಗೆ 4,000, ಡೊಮೈನ್ ಹೋಸ್ಟಿಂಗ್ ಸೇರಿ ವರ್ಷಕ್ಕೆ 5,000 ಇಟ್ಕೊಳ್ಳಿ. ಮೂರು ವರ್ಷಕ್ಕೆ 34,000, ಬಾಟಲಿಗೆ 19 ರೂಪಾಯಿ ಒಳಗೆ. ಯುಪಿಐಗೆ 2020ರ ಜನವರಿಯಿಂದ ವ್ಯಾಪಾರಿಗಳಿಗೆ ಎಂಡಿಆರ್ (ಪ್ರತಿ ಪಾವತಿಯಲ್ಲಿ ಬ್ಯಾಂಕಿನವರು ಹಿಡಿಯೋ ಶುಲ್ಕ) ಇಲ್ಲ. ಪೇಮೆಂಟ್ ಗೇಟ್‌ವೇ (ಸೈಟಲ್ಲೇ ಕಾರ್ಡ್ ಗೀರ್ಡಿಂದ ದುಡ್ಡು ಕಟ್ಟಿಸ್ಕೊಳ್ಳೋ ವ್ಯವಸ್ಥೆ) ಹಾಕಿಸಿದ್ರೆ ಸಾಮಾನ್ಯವಾಗಿ ಶೇ. 2, ಅದರ ಮೇಲೆ ಜಿಎಸ್‌ಟಿ. 300ಕ್ಕೆ 7 ರೂಪಾಯಿ ಚಿಲ್ಲರೆ. ದಿನಕ್ಕೆ ಹತ್ತು ಆರ್ಡರ್ ಬಂದು ವಾಟ್ಸಾಪ್ ನೋಡೋಕೇ ಪುರುಸೊತ್ತಿಲ್ಲ ಅನ್ನೋ ಕಾಲಕ್ಕೆ ಹಾಕಿಸಿದ್ರಾಯ್ತು.

ಒಂದು ಮಾತ್ರ ಕಡ್ಡಾಯ. 'ಸ್ಟಾಕ್ ಮುಗಿದಿದೆ' ಅಂತ ನೀವೇ ಫೋನ್‌ನಲ್ಲಿ ಬದಲಾಯಿಸೋ ಹಾಗಿರಬೇಕು. ಮಿಡಿ ಸಿಗೋದು ವರ್ಷದಲ್ಲಿ ಒಂದೆರಡು ತಿಂಗಳು. ಪ್ರತಿ ಸಲ ನಮ್ಮಂಥೋರಿಗೆ ಫೋನ್ ಮಾಡಿ ಕಾಯೋದಾದ್ರೆ ಆ 12,000 ಯಾತಕ್ಕೆ?

ಫೋಟೋ ನೋಡಿದೆ. ಮಿಡಿಯ ತೊಟ್ಟು, ಮೇಲೆ ನಿಂತ ಕೆಂಪು ರಸ, ಎಲ್ಲ ಚೆನ್ನಾಗಿದೆ. ಆದ್ರೆ ಹಿಂದೆ ಗ್ಯಾಸ್ ಸಿಲಿಂಡರ್ ಕಾಣ್ತಿದೆ ಅಕ್ಕಾ. ಅಂಗಳದಲ್ಲಿ ಬೆಳಗ್ಗಿನ ಬಿಸಿಲಿಗೆ ಭರಣಿ ಇಟ್ಟು ತೆಗೆದ್ರೆ ಆ 4,000ವೂ ಉಳಿಯುತ್ತೆ. ಸೈಟಿಗೆ ಹಾಕೋ ಮುಂಚೆ ಸೈಜ್ ಇಳಿಸಿ. 4 ಎಂಬಿ ಫೋಟೋ ಇದ್ರೆ ಮಳೆಗಾಲದ ನಮ್ಮ ನೆಟ್‌ವರ್ಕ್‌ನಲ್ಲಿ ನಿಮ್ಮ ಸೈಟು ನಿಮಗೇ ತೆರೆಯಲ್ಲ.

ಪ್ರಶ್ನೆ: ತುಂಬಾ ಉಪಕಾರ ಆಯ್ತು. ಮುಂಬೈಯವರೂ ಕೇಳ್ತಿದಾರೆ, ಕಳಿಸಬಹುದಾ?

ಉತ್ತರ: ತಡೀರಿ, ಮೊದಲು ನಿಮ್ಮ ಆಡಿಟರ್‌ನ ಕೇಳಿ. ಕರ್ನಾಟಕದೊಳಗೆ ಬರೀ ಸರಕು ಮಾರೋರಿಗೆ ವಹಿವಾಟು 40 ಲಕ್ಷ ದಾಟೋವರೆಗೆ ಜಿಎಸ್‌ಟಿ ನೋಂದಣಿ ಬೇಡ. ಆದ್ರೆ ತೆರಿಗೆ ಬರೋ ಸರಕು ಬೇರೆ ರಾಜ್ಯಕ್ಕೆ ಮಾರಿದ್ರೆ ವಹಿವಾಟು ಎಷ್ಟೇ ಸಣ್ಣದಿರಲಿ, ನೋಂದಣಿ ಬೇಕು. ಆ ಖರ್ಚೂ ಬಜೆಟ್ಟಿಗೇ ಸೇರುತ್ತೆ. ಕೊರಿಯರ್ ದರ ಹಾಕುವಾಗ ಗಾಜಿನ ಬಾಟಲಿ, ರಟ್ಟಿನ ತೂಕ ಮರೀಬೇಡಿ, ಅರ್ಧ ಕೆ.ಜಿ. ಉಪ್ಪಿನಕಾಯಿ ತಕ್ಕಡಿ ಮೇಲೆ ಒಂದು ಕೆ.ಜಿ. ಹತ್ತಿರ ಬರುತ್ತೆ.

ಇನ್ನೊಬ್ಬರ ಪ್ರಶ್ನೆ: ಸರ್, ಆಗುಂಬೆ ಹತ್ತಿರ ನಮ್ಮದು ಹೋಮ್‌ಸ್ಟೇ. ನಮಗೂ ಇದೇ ಬಜೆಟ್ ಸಾಕಾ?

ಉತ್ತರ: ಸಾಕು. ಅದಕ್ಕೂ ಮುಂಚೆ ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಜಾಗ ಸರಿಯಾಗಿದೆಯಾ ನೋಡಿ, ಅದಕ್ಕೆ ಪೈಸೆ ಖರ್ಚಿಲ್ಲ. ಕೊನೆಯ ತಿರುವು ತಪ್ಪಿ ಯಾರದೋ ತೋಟದೊಳಗೆ ಕಾರು ಇಳಿಸಿದ ಗಿರಾಕಿ ಬರೆಯೋ ರಿವ್ಯೂ ಯಾವ ವೆಬ್‌ಸೈಟೂ ಅಳಿಸಲ್ಲ.

ಪ್ರಶ್ನೆ (ಮೊದಲಿನವರೇ): ಡೊಮೈನ್‌ನ ವೆಬ್‌ಸೈಟ್ ಮಾಡೋರೇ ತಗೊಂಡು ಕೊಡ್ತಾರಂತೆ. ಪರವಾಗಿಲ್ವಾ?

ಉತ್ತರ: ಬೇಡವೇ ಬೇಡ. ನನ್ನ ಹತ್ರ ಬಂದ ಒಬ್ಬರು ಜೇನು ಮಾರೋರು. ಅವರ ಡೊಮೈನ್, ಸೈಟ್ ಮಾಡಿದ ಹುಡುಗನ ಇಮೇಲ್‌ನಲ್ಲಿತ್ತು. ಅವನು ಊರು ಬಿಟ್ಟ, ನಂಬರ್ ಬದಲಾಯಿಸಿದ. ನವೀಕರಣದ ನೆನಪೋಲೆಗಳೆಲ್ಲ ಅವನಿಗೇ ಹೋಗಿವೆ. ಡಾಟ್ ಕಾಮ್ ಹೆಸರು ರದ್ದಾದ ಮೇಲೂ 30 ದಿನ ದಂಡ ಕಟ್ಟಿ ಬಿಡಿಸ್ಕೊಳ್ಳಬಹುದು, ಆಮೇಲೆ 5 ದಿನಕ್ಕೆ ಯಾರು ಬೇಕಾದ್ರೂ ತಗೋಬಹುದು. ಇವರಿಗೆ ಗೊತ್ತಾಗೋ ಹೊತ್ತಿಗೆ ಆ ಗಡುವೂ ದಾಟಿತ್ತು. ಲೇಬಲ್ ಮೇಲೆ ಆ ವಿಳಾಸ ಅಚ್ಚು ಹಾಕಿಸಿದ್ರು. ಹೊಸ ಹೆಸರಿನ ಚೀಟಿ ಅಂಟಿಸ್ತಾ ಕೂತ್ರು.

ನಿಮ್ಮ ಇಮೇಲ್, ನಿಮ್ಮ ಮೊಬೈಲ್ ನಂಬರ್ ಕೊಟ್ಟು ನೀವೇ ಖಾತೆ ತೆರೀರಿ, ದುಡ್ಡೂ ನಿಮ್ಮ ಫೋನ್‌ನಿಂದಲೇ ಹೋಗಲಿ. ಅವರು ಪಕ್ಕದಲ್ಲಿ ಕೂತು ತೋರಿಸಲಿ, ಕಾಲು ಗಂಟೆ ಕೆಲಸ. ಓಟಿಪಿ ಬರೋದು ನಿಮ್ಮ ಫೋನಿಗೇ ಅಂತ ಆದ ಮೇಲೆ ಅಡ್ವಾನ್ಸ್ ಕೊಡಿ.