ಸೋಲು ಗ್ಯಾರಂಟಿ ಅಂತ ಗೊತ್ತಿದ್ದೂ ರಾಕೀಸ್ ಹಿಂದೆ ಇನ್ನೊಂದು ಸೀಸನ್ ಹೋಗೋದಾ?

ನೇರಳೆ_ಸೀಟು:

ಎಲ್ರಿಗೂ ನಮಸ್ಕಾರ, ಡೆನ್ವರಿಂದ ಬರೀತಿದೀನಿ. ಇಲ್ಲಿ ಬೇಸ್‌ಬಾಲ್ ನೋಡೋ ಕನ್ನಡದವ್ರು ಒಂದಷ್ಟು ಜನ ಇದೀರ ಅಂತ ಗೊತ್ತು ಅದಕ್ಕೇ ಇಲ್ಲಿ ಕೇಳ್ತಿರೋದು, ಆಫೀಸಲ್ಲಿ ಕೇಳಿದ್ರೆ ನಗ್ತಾರೆ.

ಇನ್ನೇನು ಮಾರ್ಚ್ ಕೊನೇಲಿ ಸೀಸನ್ ಶುರು. ನಮ್ ಕೊಲರಾಡೊ ರಾಕೀಸ್ ಕಥೆ ಗೊತ್ತಲ್ಲ, 2025ರಲ್ಲಿ ಗೆದ್ದಿದ್ದು 43 ಸೋತಿದ್ದು 119. ಅದರ ಹಿಂದಿನ ವರ್ಷ 101 ಸೋಲು, ಅದಕ್ಕೂ ಹಿಂದೆ 103. ಹೊಡೆದ ರನ್ನಿಗೂ ಕೊಟ್ಟ ರನ್ನಿಗೂ 424 ವ್ಯತ್ಯಾಸ, 1900ರಿಂದ ಈಚೆಗೆ ಯಾವ ಟೀಮೂ ಇಷ್ಟು ಆಳಕ್ಕೆ ಇಳಿದಿಲ್ಲ. ಮೇ ತಿಂಗಳಲ್ಲಿ ಪಾಡ್ರೇಸ್ ಬಂದು ನಮ್ಮನೇಲೇ 21-0 ಹೊಡೆದು ಹೋದ್ರು, ಅವತ್ತು ನಾನು ಸ್ಟೇಡಿಯಮ್ಮಲ್ಲೇ ಇದ್ದೆ. ಮೇಲ್ಗಡೆ ಡೆಕ್ಕಲ್ಲಿ 20ನೇ ಸಾಲು ಮಾತ್ರ ನೇರಳೆ ಬಣ್ಣದ ಸೀಟು, ಸಮುದ್ರಮಟ್ಟದಿಂದ ಸರಿಯಾಗಿ ಒಂದು ಮೈಲಿ ಎತ್ತರ ಅಂತ ಗುರುತು, ಅಲ್ಲಿ ಕೂತಿದ್ದೆ. ಪಕ್ಕದಲ್ಲಿದ್ದ ಅಜ್ಜ ಒಬ್ರು ಹದಿನೈದನೇ ರನ್ ಆದ್ಮೇಲೆ ಬೋರ್ಡ್ ನೋಡೋದೇ ಬಿಟ್ಟು ಬೆಟ್ಟದ ಕಡೆ ಮೋಡ ನೋಡ್ತಾ ಕಡ್ಲೇಕಾಯಿ ಬಿಡಿಸ್ಕೊಂಡು ಕೂತಿದ್ರು. ಎದ್ದು ಮಾತ್ರ ಹೋಗ್ಲಿಲ್ಲ.

ನನ್ ತಪ್ಪು ಏನಂದ್ರೆ ನಾನು ಇಲ್ಲಿಗೆ ಬಂದಿದ್ದು 2007ರ ಆಗಸ್ಟಲ್ಲಿ. ಬಂದು ಒಂದೂವರೆ ತಿಂಗಳಿಗೆ ಟೀಮ್ 22 ಮ್ಯಾಚಲ್ಲಿ 21 ಗೆದ್ದು ವರ್ಲ್ಡ್ ಸೀರೀಸ್‌ಗೆ, ಅಂದ್ರೆ ಫೈನಲ್ಲಿಗೆ ಹೋಯ್ತು, ಊರಿಗೆ ಊರೇ ಹುಚ್ಚೆದ್ದಿತ್ತು, ನಾನು ಈ ಆಟ ಅಂದ್ರೆ ಹಿಂಗೇ ಇರತ್ತೆ ಅಂದ್ಕೊಂಡ್ಬಿಟ್ಟೆ. ಅಲ್ಲಿ ಬೋಸ್ಟನ್ನೋರು ನಾಲ್ಕಕ್ಕೆ ನಾಲ್ಕೂ ಗೆದ್ರು. ಆಮೇಲಿಂದ ಇವತ್ತಿನ್ವರೆಗೂ ಆ ಮಟ್ಟ ಮುಟ್ಟಿಲ್ಲ. ನಮ್ ಸ್ಟಾರ್ ಆಟಗಾರ ಅರೆನಾಡೊನ ಬೇರೆ ಟೀಮಿಗೆ ಕೊಟ್ಟು ಜೊತೆಗೆ ದುಡ್ಡನ್ನೂ ಕೊಟ್ಟು ಕಳ್ಸಿದ್ದು ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯತ್ತೆ.

ಈ ವರ್ಷಾನೂ ಸೋಲ್ತಾರೆ, ಅದ್ರಲ್ಲಿ ನಂಗೆ ಡೌಟಿಲ್ಲ. ಆಡಳಿತಕ್ಕೆ ಹೊಸಬ್ರು ಬಂದಿದಾರೆ ಸರಿ, ಆದ್ರೆ 119 ಸೋತ ಟೀಮು ಒಂದೇ ಚಳಿಗಾಲದಲ್ಲಿ ನೆಟ್ಟಗಾಗತ್ತಾ. ಮಗಳಿಗೆ 11 ವರ್ಷ, ಮೊನ್ನೆ ಕೇಳಿದ್ಲು, ಅಪ್ಪ ನಾವ್ಯಾಕೆ ಡಾಡ್ಜರ್ಸ್ ಫ್ಯಾನ್ ಆಗ್ಬಾರ್ದು, ಅವ್ರು ಎರಡು ವರ್ಷ ಸತತ ಕಪ್ ಗೆದ್ದಿದಾರಲ್ಲ ಅಂತ. ನಂಗೆ ಉತ್ತರ ಹೊಳೀಲಿಲ್ಲ. ಟೀಮ್ ಬದಲಾಯಿಸ್ಲಾ, ಒಂದ್ ವರ್ಷ ನೋಡೋದೇ ಬಿಟ್ಬಿಡ್ಲಾ, ಇಲ್ಲಾ ನೀವೆಲ್ಲ ಬೇರೆ ಏನಾದ್ರೂ ದಾರಿ ಕಂಡ್ಕೊಂಡಿದೀರಾ?

ಬೆಂಚ್_ಬಿಸಿ:

ಗುರು ಆರ್‌ಸಿಬಿಗೆ 18 ವರ್ಷ ಕಾದೋರು ನಾವು, ನಮ್ಗೇ ಈ ಪ್ರಶ್ನೆನಾ 😂 ಪ್ರತಿ ವರ್ಷ ಈ ಸಲ ಕಪ್ ನಮ್ದೇ ಅಂದ್ವಿ, 2025ರಲ್ಲಿ ಬಂತು. ನೀನೂ ಅಂತಾ ಇರು, ಯಾವತ್ತೋ ಒಂದಿನ ಬರತ್ತೆ.

ಮೂರು_ನದಿ:

ಬೆಂಚ್ ಬಿಸಿಯವ್ರೇ ಬೇಜಾರ್ ಮಾಡ್ಕೋಬೇಡಿ, ಆದ್ರೆ ಆ ಹೋಲಿಕೆ ಇಲ್ಲಿಗೆ ಕೂರಲ್ಲ. ಆರ್‌ಸಿಬಿ ಮೂರು ಫೈನಲ್ ಆಡಿ ಸೋತ ಟೀಮು, ಕೊಹ್ಲಿ ಗೇಲ್ ಡಿವಿಲಿಯರ್ಸ್ ಇದ್ದ ಟೀಮು, ಪ್ರತಿ ವರ್ಷ ಗೆಲ್ಬೋದು ಅನ್ನೋ ಆಸೆ ನಿಜವಾಗ್ಲೂ ಇತ್ತು. ಆಸೆ ಇದ್ದು ಸೋಲೋದೇ ಬೇರೆ, ಮಾರ್ಚಲ್ಲೇ ಫಲಿತಾಂಶ ಗೊತ್ತಿದ್ದು ಸೆಪ್ಟೆಂಬರ್‌ವರೆಗೆ ದಿನಾ ಕೂರೋದೇ ಬೇರೆ. ಅದೂ ಹದಿನಾಲ್ಕು ಮ್ಯಾಚಲ್ಲ, 162.

ನಾನು ಪಿಟ್ಸ್‌ಬರ್ಗಿಗೆ ಬಂದಿದ್ದು 1999ರಲ್ಲಿ. ಇಲ್ಲಿನ ಟೀಮ್ ಪೈರೇಟ್ಸ್ ಆಗ್ಲೇ ಸತತ ಏಳನೇ ವರ್ಷ ಗೆಲುವಿಗಿಂತ ಸೋಲು ಜಾಸ್ತಿ ಮಾಡ್ಕೊಳ್ತಾ ಇದ್ರು. ಇದು 2012ರವರೆಗೂ ನಡೀತು ಸ್ವಾಮಿ, ಒಟ್ಟು 20 ವರ್ಷ! ಇಲ್ಲಿನ ಹಳಬ್ರು 1992ರ ಮಾತು ಬಂದ್ರೆ ಈಗ್ಲೂ ಮುಖ ಕಿವುಚ್ತಾರೆ, ವರ್ಲ್ಡ್ ಸೀರೀಸ್‌ಗೆ ಹಿಂದಿನ ಸುತ್ತಲ್ಲಿ ಬ್ರೇವ್ಸ್ ಮೇಲೆ ಏಳನೇ ಮ್ಯಾಚು, ಒಂಬತ್ತನೇ ಅಂದ್ರೆ ಕೊನೇ ಇನ್ನಿಂಗ್ಸಿಗೆ 2-0 ಮುಂದಿದ್ದು 3-2 ಸೋತಿದ್ದು. ಆ ಚಳಿಗಾಲದಲ್ಲಿ ನಮ್ ದೊಡ್ಡ ಬ್ಯಾಟರ್ ಬಾಂಡ್ಸ್ ಬಿಟ್ಟು ಹೋದ, ಅಲ್ಲಿಂದ ಶುರು.

ನಾನ್ ಹೆಂಗೆ ಉಳ್ಕೊಂಡೆ ಅಂದ್ರೆ, ನಿಜ ಹೇಳ್ಬೇಕಂದ್ರೆ ಮೊದ್ಲು ಐದಾರು ವರ್ಷ ನಿಷ್ಠೆ ಪಾಷ್ಠೆ ಏನೂ ಇರ್ಲಿಲ್ಲ, ಟಿಕೆಟ್ ಸುಲಭವಾಗಿ ಸಿಗ್ತಿತ್ತು ಹೋಗ್ತಿದ್ದೆ. 2001ರಲ್ಲಿ ನದಿ ಪಕ್ಕ ಹೊಸ ಸ್ಟೇಡಿಯಮ್ ಆಯ್ತು, ಎದುರಿಗೆ ಹಳದಿ ಸೇತುವೆ, ಸಂಜೆ ಬಿಸಿಲು ಕಟ್ಟಡಗಳ ಮೇಲೆ ಬೀಳೋದು ನೋಡ್ಕೊಂಡು ಕೂತ್ರೆ ಸ್ಕೋರ್ ಅಷ್ಟೊಂದು ಚುಚ್ತಿರ್ಲಿಲ್ಲ. ಆಮೇಲೆ ಯಾವಾಗ್ಲೋ ಅಭ್ಯಾಸ ಹೋಗಿ ನಮ್ಮೋರು ಅಂತಾಯ್ತು, ಯಾವ್ ದಿನ ಅಂತ ಹೇಳೋಕೆ ಬರಲ್ಲ. 2013ರ ಅಕ್ಟೋಬರ್ 1, ವೈಲ್ಡ್ ಕಾರ್ಡ್ ಮ್ಯಾಚು, ಸೋತ್ರೆ ಅಲ್ಲಿಗೇ ಮುಗೀತು ಅನ್ನೋ ಪ್ಲೇಆಫ್ ಮ್ಯಾಚು. ಎದುರು ಟೀಮ್ ರೆಡ್ಸ್‌ನ ಪಿಚರ್ (ಬಾಲ್ ಹಾಕೋನು) ಕ್ವೆಟೊ ಹೆಸರನ್ನ ಇಡೀ ಸ್ಟೇಡಿಯಂ ರಾಗ ಎಳೆದು ಕೂಗ್ತಿದೆ, ಆ ಮನುಷ್ಯನ ಕೈಯಿಂದ ಬಾಲ್ ಜಾರಿ ಕೆಳಗ್ ಬಿತ್ತು, ಎತ್ಕೊಂಡು ಮುಂದಿನ ಬಾಲ್ ಹಾಕಿದ, ರಸ್ಸೆಲ್ ಮಾರ್ಟಿನ್ ಹೋಮ್ ರನ್. ಪಕ್ಕದಲ್ಲಿದ್ದ ಗುರುತು ಪರಿಚಯ ಇಲ್ದಿರೋ ಆರಡಿ ಆಳು ನನ್ನ ಎತ್ಕೊಂಡ್ಬಿಟ್ಟಿದ್ದ. ಗೆದ್ದೆತ್ತಿನ ಬಾಲ ಹಿಡಿಯೋಕೆ ಅವತ್ತು ಬಂದೋರೂ ಇದ್ರು, ಅವ್ರೂ ಕುಣಿದ್ರು, ಆದ್ರೆ ಕುಣಿತ ಒಂಥರಾ ಬೇರೆ ಇತ್ತು.

ಈಗ ಮತ್ತೆ ಅದೇ ಕಥೆ, 2015 ಆದ್ಮೇಲೆ ಪ್ಲೇಆಫ್ ಇಲ್ಲ. ಹೋದ್ ವರ್ಷ 91 ಸೋತ್ವಿ. ಆದ್ರೆ ಐದು ದಿನಕ್ಕೊಂದ್ಸಲ ಪಾಲ್ ಸ್ಕೀನ್ಸ್ ಬಾಲ್ ಹಾಕ್ತಾನೆ. ಅವನ ಇಆರ್‌ಎ, ಅಂದ್ರೆ ಒಂಬತ್ತು ಇನ್ನಿಂಗ್ಸಿಗೆ ಕೊಡೋ ರನ್ ಸರಾಸರಿ, 1.97, ಬೆಸ್ಟ್ ಪಿಚರ್‌ಗೆ ಕೊಡೋ ಸೈ ಯಂಗ್ ಅವಾರ್ಡೇ ಬಂತು, ಅಷ್ಟಾದ್ರೂ ಅವನ ಲೆಕ್ಕಕ್ಕೆ 10 ಗೆಲುವು 10 ಸೋಲು, ಯಾಕಂದ್ರೆ ನಮ್ ಬ್ಯಾಟರ್‌ಗಳು ಆ ಥರ. ನಾನು ಕ್ಯಾಲೆಂಡರಲ್ಲಿ ಅವನ ದಿನಕ್ಕೆ ಮಾತ್ರ ಸುತ್ತು ಹಾಕಿರ್ತೀನಿ. ನೀವೂ ಟೀಮ್ ಬಿಡಿ ಸರ್, ಒಬ್ಬನ್ನ ಹಿಡ್ಕೊಳ್ಳಿ. ನಿಮ್ಮಲ್ಲಿ ಕ್ಯಾಚರ್ ಗುಡ್‌ಮನ್ ಇದಾನಲ್ಲ, ಅಷ್ಟು ಕೆಟ್ಟ ಟೀಮಲ್ಲಿ ಇದ್ಕೊಂಡು 31 ಹೋಮ್ ರನ್ ಹೊಡೆದಿದಾನೆ.

ಇನ್ನೊಂದು, ಆಗಸ್ಟ್ 1ರ ಮ್ಯಾಚ್ ಮರ್ತ್ಬಿಟ್ರಾ? ನಮ್ ಎದುರೇ ಆಡಿದ್ದು, ನಿಮ್ ಸ್ಟೇಡಿಯಮ್ಮಲ್ಲೇ. ಮೊದಲ ಇನ್ನಿಂಗ್ಸಲ್ಲಿ ನಾವು 9-0. ಕೊನೇ ಇನ್ನಿಂಗ್ಸಿಗೆ 16-12 ಮುಂದೆ. ನಿಮ್ ಡಾಯ್ಲ್ ವಾಕ್-ಆಫ್ (ಮ್ಯಾಚ್ ಅಲ್ಲೇ ಮುಗಿಸೋ ಹೊಡೆತ) ಹೊಡೆದು 17-16. ಈ ನೋವು ಕೊಟ್ಟೋರು ನೀವು, ಈಗ ನೀವೇ ಬಂದು ನನ್ ಹತ್ರ ಸಮಾಧಾನ ಕೇಳ್ತಿದೀರ!

ಕಿತ್ತಳೆಹಕ್ಕಿ:

ನಾ ಬಾಲ್ಟಿಮೋರ್‌ದಾಂವ ರೀ, ಓರಿಯೋಲ್ಸ್. ಒಂದ್ ಮಾತು ಯಾರೂ ಹೇಳವಲ್ರು ಅದಕ್ಕ ನಾ ಹೇಳತೀನಿ. ನಿಷ್ಠೆ ಬ್ಯಾರೆ, ರೊಕ್ಕ ಬ್ಯಾರೆ. ನಿಮ್ ರಾಕೀಸ್ 119 ಸೋತ ವರ್ಷಾನೂ ಸ್ಟೇಡಿಯಮ್ಮಿಗೆ 20 ಲಕ್ಷಕ್ಕಿಂತ ಹೆಚ್ಚು ಮಂದಿ ಬಂದಾರ. 1993ರಾಗ ಟೀಮ್ ಹುಟ್ಟಿದ ವರ್ಷ 44 ಲಕ್ಷ ದಾಟಿತ್ತಲ್ಲ, ಆ ದಾಖಲೆ ಇನ್ನೂ ಯಾರೂ ಮುರದಿಲ್ಲ. ಸೋತ್ರೂ ಮಂದಿ ಬರ್ತಾರಂದ್ರ ಮಾಲಕಂಗ ಗೆಲ್ಲೂ ಅವಸರ ಯಾಕ ಬರ್ತದ, ನೀವ ಹೇಳ್ರಿ.

ಇನ್ನ ರೀಬಿಲ್ಡ್ ರೀಬಿಲ್ಡ್, ಅಂದ್ರ ಈಗ ಸೋತು ಹೊಸ ಹುಡುಗ್ರ ಮ್ಯಾಲ ಟೀಮ್ ಕಟ್ಟೂದು, ಅಂತ ಹೇಳತಾರಲ್ಲ, ಅದರದ್ದೂ ಕೇಳ್ರಿ. ನಾವು 2018ರಾಗ 115 ಸೋತ್ವಿ, ಮರು ವರ್ಷ 108, 2021ರಾಗ 110. ಎಲ್ಲಾ ತಡಕೊಂಡ್ವಿ, ಯಾಕಂದ್ರ ರಚ್‌ಮನ್, ಹೆಂಡರ್ಸನ್ ಇಂಥಾ ಹುಡುಗ್ರು ಬರ್ತಾರ ಅಂತ. ಬಂದ್ರು, 2023ರಾಗ 101 ಗೆದ್ವಿ, ಪ್ಲೇಆಫಿನ್ಯಾಗ ರೇಂಜರ್ಸ್ ಕೈಯಾಗ ಮೂರಕ್ಕ ಮೂರೂ ಸೋತು ಮನಿಗೆ ಬಂದ್ವಿ. ಹ್ವಾದ ವರ್ಷ ಮತ್ತ 87 ಸೋಲು. ಆ ರೇಂಜರ್ಸ್ ನೋಡ್ರಿ, 2021ರಾಗ 102 ಸೋತಾವ್ರು ಎರಡ ವರ್ಷದಾಗ ಕಪ್ ಎತ್ತಿದ್ರು, ರೊಕ್ಕ ಚೆಲ್ಲಿ ಆಟಗಾರರ್ನ ತಂದ್ರು. ಅಂದ್ರ ಸೋಲು ಅನ್ನೂದು ಬಡ್ಡಿ ಕೊಡೂ ಡಿಪಾಸಿಟ್ ಅಲ್ರಿ, ಇವತ್ತ ಇಟ್ರ ನಾಳೆ ಬರತದ ಅನ್ನೂದು ಸುಳ್ಳ.

ಹಂಗಂತ ಸ್ಟೇಡಿಯಂ ಖಾಲಿ ಬಿಟ್ರ ಕೆಲಸ ಆಗತದ ಅಂತಾನೂ ಅಲ್ಲ. ಓಕ್ಲಂಡಿನಾವ್ರು 2023ರ ಜೂನ್ 13ಕ್ಕ ಉಲ್ಟಾ ಬಹಿಷ್ಕಾರ ಮಾಡಿದ್ರು, ಖಾಲಿ ಹೊಡೀತಿದ್ದ ಸ್ಟೇಡಿಯಮ್ಮಿಗೆ 27 ಸಾವಿರ ಮಂದಿ ಬಂದು ಟೀಮ್ ಮಾರ್ರೋ ಅಂತ ಒದರಿದ್ರು. ಅವತ್ತ ಟೀಮೂ ಗೆದ್ದಿತ್ತು. ಆದ್ರೂ 2024ಕ್ಕ ಊರು ಬಿಟ್ಟ ಹ್ವಾತು.

ಹಿಂಗಾಗಿ ನಾ ಟಿಕೆಟ್ ತಗೊಳ್ಳೂದು ಕಡಿಮಿ ಮಾಡೀನಿ, ರೇಡಿಯೋದಾಗ ಕೇಳತೀನಿ, ಸಣ್ಣ ಊರಿನ ಮೈನರ್ ಲೀಗ್ ಮ್ಯಾಚಿಗೆ ಹೋಗತೀನಿ. ಫ್ಯಾನ್ ಆಗೀನೇ ಅದೀನಿ. ಡಾಡ್ಜರ್ಸಿಗೆ ಹೋಗಬ್ಯಾಡ್ರಿ ಮಾತ್ರ, ಅವ್ರಿಗೆ ನೀವೇನೂ ಬೇಕಾಗಿಲ್ಲ.

ಪೆನ್ಸಿಲ್_ರಬ್ಬರ್:

ಕಿತ್ತಳೆಹಕ್ಕಿ ಅವ್ರ ಮಾತು ಸರಿ, ಆದ್ರೆ 11 ವರ್ಷದ ಮಗು ಕೇಳಿದ್ದು ಮಾಲೀಕರ ವಿಷಯ ಅಲ್ವಲ್ಲ. ನೇರಳೆ ಸೀಟ್ ಅವ್ರೇ, ಮಗಳಿಗೆ ಸ್ಕೋರ್ ಬರಿಯೋದು ಕಲ್ಸಿ. ಫೋನಲ್ಲ, ಕಾಗದ ಪೆನ್ಸಿಲ್ಲು.

ನಾನು ಟೈಗರ್ಸ್ ನೋಡೋಳು, 2003ರಲ್ಲಿ ನಾವೂ ನಿಮ್ ಥರಾನೇ 43-119. ಆ ವರ್ಷ ನಮ್ಮೆಜಮಾನ್ರು ಜೂನಲ್ಲೇ ಟೀವಿ ಆಫ್ ಮಾಡಿದ್ರು, ನಾನು ಸ್ಕೋರ್ ಬರಿಯೋದು ಶುರು ಮಾಡಿದ್ದೇ ಆಗ, ಬೇರೆ ಏನೂ ಮಾಡೋಕ್ ಇರ್ಲಿಲ್ಲ ಅದಕ್ಕೆ. ಪಿಚರ್ 1, ಕ್ಯಾಚರ್ 2, ಹೀಗೆ ಒಂಬತ್ತು ಜನಕ್ಕೂ ಒಂದೊಂದು ನಂಬರು. ನಿಮ್ಮಲ್ಲಿ ಶಾರ್ಟ್‌ಸ್ಟಾಪ್ ಟೊವಾರ್ ಅಂದ್ರೆ 6, ಸೆಂಟರಲ್ಲಿ ಡಾಯ್ಲ್ 8. ಟೊವಾರ್ ಬಾಲ್ ಹಿಡಿದು ಸೆಕೆಂಡ್ ಬೇಸ್‌ನೋನಿಗೆ (4) ಎಸೆದು ಅಲ್ಲಿಂದ ಫಸ್ಟ್ ಬೇಸ್‌ನೋನಿಗೆ (3) ಹೋಗಿ ಇಬ್ರೂ ಔಟ್ ಆದ್ರೆ 6-4-3 ಅಂತ ಬರೀಬೇಕು. ಬ್ಯಾಟ್ ಬೀಸದೆ ಸುಮ್ನೆ ನಿಂತು ಔಟಾದ್ರೆ ಇಂಗ್ಲಿಷ್ ಕೆ ಅಕ್ಷರ ಉಲ್ಟಾ, ಬೀಸಿ ಔಟಾದ್ರೆ ನೆಟ್ಟಗೆ. ನಮ್ ಹುಡುಗನಿಗೆ ಆ ಉಲ್ಟಾ ಕೆ ಬರಿಯೋದಂದ್ರೆ ಅದೇನ್ ಖುಷಿನೋ, ನಮ್ಮೋರೇ ಔಟಾದ್ರೂ ಕುಣೀತಿದ್ದ.

ಬರೆಯೋಕೆ ಕೂತ್ರೆ ಏನಾಗತ್ತೆ ಅಂದ್ರೆ 12-1 ಸೋತಿರೋ ಮ್ಯಾಚಲ್ಲೂ ಏಳನೇ ಇನ್ನಿಂಗ್ಸಲ್ಲಿ ಹೊಸ ಹುಡುಗ ಒಬ್ಬ ಮೂರು ಜನನ್ನ ಹನ್ನೊಂದು ಬಾಲಲ್ಲಿ ಔಟ್ ಮಾಡಿದ್ದು ಕಣ್ಣಿಗೆ ಬೀಳತ್ತೆ, ಬರೀದೇ ಇದ್ದಿದ್ರೆ ಆ ಹೊತ್ತಿಗೆ ಚಾನಲ್ ಬದಲಾಯಿಸಿರ್ತಿದ್ವಿ. ಇನ್ನೊಂದು ಗಮನಿಸಿ, ನಿಮ್ ಪಿಚರ್‌ಗಳ ಕಷ್ಟ ಬೇರೆ ಯಾರಿಗೂ ಇಲ್ಲ. ಆ ಎತ್ತರದಲ್ಲಿ ಗಾಳಿ ತೆಳು, ಕರ್ವ್‌ಬಾಲ್ ಸರಿಯಾಗಿ ತಿರುಗಲ್ಲ, ಹೊಡೆದ ಬಾಲ್ ದೂರ ಹೋಗತ್ತೆ. ಬಾಲ್ ಒಣಗ್ಬಾರ್ದು ಅಂತ 2002ರಿಂದ ತೇವ ಇರೋ ಕೋಣೇಲಿ ಇಡ್ತಾರೆ, ಆದ್ರೂ ಕಷ್ಟ ಕಷ್ಟಾನೇ. ಅಂಥಾ ಜಾಗದಲ್ಲಿ ಒಬ್ಬ ಆರು ಇನ್ನಿಂಗ್ಸ್ ಎರಡೇ ರನ್ ಕೊಟ್ರೆ ಬೇರೆ ಊರಿನ ಸೊನ್ನೆಗೆ ಸಮ ಅಂತ ನಾನ್ ಲೆಕ್ಕ ಹಾಕ್ತೀನಿ.

ನಮ್ಮ 43-119 ಟೀಮು ಮೂರು ವರ್ಷಕ್ಕೆ, 2006ರಲ್ಲಿ, ವರ್ಲ್ಡ್ ಸೀರೀಸ್ ಆಡ್ತು. ಸೋತ್ರು. ಇದನ್ನ ಆಸೆ ಹುಟ್ಟಿಸೋಕೆ ಹೇಳ್ತಿಲ್ಲ, ಈಗಷ್ಟೇ ಕಿತ್ತಳೆಹಕ್ಕಿ ಬೈದಿದಾರೆ.

ಬೆಂಚ್_ಬಿಸಿ:

ಸರಿ ಬಿಡಿ, ನಾನು ಆರ್‌ಸಿಬಿ ಮಾತು ವಾಪಸ್ ತಗೊಂಡೆ. 20 ವರ್ಷ ಅಂದ್ರೆ ನಮಗಿಂತ ಜಾಸ್ತಿ 🙏

ನೇರಳೆ_ಸೀಟು:

ಇಷ್ಟೆಲ್ಲ ಬರೆದಿದ್ದಕ್ಕೆ ಥ್ಯಾಂಕ್ಸ್ ಎಲ್ರಿಗೂ.

ಮೂರು ನದಿ ಸರ್, ಒಂದು ಒಪ್ಕೋಬೇಕು. ಆಗಸ್ಟ್ 1ರ ಮ್ಯಾಚು ಟೀವೀಲಿ ಹಾಕಿದ್ದೆ. 9-0 ಆದಾಗ ಆಫ್ ಮಾಡಿ ಪಾತ್ರೆ ತೊಳೆಯೋಕೆ ಹೋದೆ. ಮಾರನೇ ದಿನ ಬೆಳಿಗ್ಗೆ ಮಗಳು ಬಂದು 17-16 ಅಂದಾಗ ಫುಟ್‌ಬಾಲ್ ಸ್ಕೋರ್ ಹೇಳ್ತಿದಾಳೆ ಅಂದ್ಕೊಂಡೆ. ಅವಳು ರೂಮಲ್ಲಿ ಟ್ಯಾಬ್ಲೆಟ್ಟಲ್ಲಿ ಪೂರ್ತಿ ನೋಡಿದ್ಲಂತೆ, ನನ್ನ ಕರೀಲಿಲ್ಲ ಯಾಕೆ ಅಂದ್ರೆ ನೀನು ಬೈಕೊಂಡ್ ಎದ್ದು ಹೋಗಿದ್ಯಲ್ಲ ಅಂದ್ಲು. ಡಾಡ್ಜರ್ಸ್ ಬೇಕು ಅಂತ ಕೇಳಿದ್ದು ಅವಳೇ, ಪೂರ್ತಿ ನೋಡಿದ್ದೂ ಅವಳೇ. ಬಹುಶಃ ಅವಳಿಗೆ ಸೋಲು ಅಷ್ಟು ತೊಂದ್ರೆ ಕೊಡ್ತಿಲ್ಲ, ಪಕ್ಕದಲ್ಲಿ ಕೂತು ನಾನು ಗೊಣಗೋದು ಕೊಡ್ತಿದೆ ಅನ್ಸತ್ತೆ.

ಕಿತ್ತಳೆಹಕ್ಕಿಯವ್ರ ಮಾತೂ ಬಿಡಲ್ಲ, ಈ ಸಲ ಸ್ಟೇಡಿಯಮ್ಮಿಗೆ ಎರಡೇ ಸಲ, ಅದೂ ರಾಕ್‌ಪೈಲ್ ಕಡೆ ಅಗ್ಗದ ಸೀಟಿಗೆ, ಜೆರ್ಸಿ ಟೋಪಿ ಏನೂ ಕೊಳ್ಳಲ್ಲ. ಸ್ಕೋರ್ ಪುಸ್ತಕ ನಿನ್ನೆ ತಂದೆ.

ಪೆನ್ಸಿಲ್ ಮೇಡಂ ಒಂದು ಡೌಟು, ಮಧ್ಯದಲ್ಲಿ ಪಿಚರ್ ಬದಲಾದ್ರೆ ಅದನ್ನ ಎಲ್ಲಿ ಬರೀಬೇಕು?

ಪೆನ್ಸಿಲ್_ರಬ್ಬರ್:

ಹೊಸ ಪಿಚರ್ ಯಾವ ಬ್ಯಾಟರ್‌ಗೆ ಮೊದಲ ಬಾಲ್ ಹಾಕ್ತಾನೋ ಆ ಚೌಕದ ಮೇಲ್ಗಡೆ ಒಂದು ದಪ್ಪ ಗೆರೆ, ಕೆಳಗೆ ಪಿಚರ್ ಪಟ್ಟೀಲಿ ಅವನ ಹೆಸರು. ಪುಸ್ತಕದಲ್ಲಿ ಹೆಸರಿಗೆ ಐದಾರು ಸಾಲು ಕೊಟ್ಟಿರ್ತಾರೆ. ನಿಮ್ ಟೀಮಿಗೆ ಸಾಲಲ್ಲ, ಒಂದು ಬಿಳಿ ಹಾಳೆ ಅಂಟಿಸ್ಕೊಳ್ಳಿ.