ಲಾಗ ಹೊಡೆಯುವಾಗ ಮಗಳ ಹೊಟ್ಟೆಯ ಸ್ನಾಯು ಹಿಡಿದುಕೊಂಡಿದೆ: ಎಣ್ಣೆ ಹಚ್ಚಿ ತಿಕ್ಕಿಸಬಹುದೇ?

ಪ್ರಶ್ನೆ (ಕಲಬುರಗಿಯಿಂದ ಒಬ್ಬ ತಾಯಿ)

ನಮಸ್ಕಾರ. ಶಾಲೆಯಲ್ಲಿ ಜಿಮ್ನಾಸ್ಟಿಕ್ಸ್ ಕಲಿಯುತ್ತಿರುವ ನನ್ನ 13 ವರ್ಷದ ಮಗಳಿಗೆ ಮೊನ್ನೆ ಸಂಜೆ ಹಿಂದಕ್ಕೆ ಲಾಗ ಹೊಡೆಯುವಾಗ ಹೊಕ್ಕುಳಿನ ಎಡಬದಿಗೆ ಚಳಕ್ಕೆಂದು ನೋವು ಬಂದು, ಅಲ್ಲಿಯೇ ಕುಳಿತುಬಿಟ್ಟಳಂತೆ. ಸುಮ್ಮನೆ ಕುಳಿತರೆ ನೋವಿಲ್ಲ. ಕೆಮ್ಮಿದರೆ, ನಕ್ಕರೆ, ಹಾಸಿಗೆಯಿಂದ ಎದ್ದರೆ ಮುಖ ಹಿಂಡುತ್ತಾಳೆ. ಜ್ವರ, ವಾಂತಿ ಇಲ್ಲ. ಬಟ್ಟಿ ಸರಿದಿದೆ (ಹೊಕ್ಕುಳು ಜಾಗ ಬಿಟ್ಟಿದೆ), ತಿಕ್ಕಿಸಿದರೆ ಸರಿಹೋಗುತ್ತದೆ ಎಂದು ನಮ್ಮ ಅತ್ತೆಯವರು ಹೇಳುತ್ತಿದ್ದಾರೆ. ಇನ್ನು 20 ದಿನಕ್ಕೆ ಸ್ಪರ್ಧೆಯಿದೆ. ಏನು ಮಾಡಲಿ?

ಉತ್ತರ 1 (ಫಿಸಿಯೋಥೆರಪಿಸ್ಟ್, ಬೀದರ್)

ಅಕ್ಕಾವರೇ, ದಯವಿಟ್ಟು ತಿಕ್ಕಿಸಬೇಡಿ. ಸ್ನಾಯುವಿನ ಎಳೆಗಳು ಹರಿದಾಗ ಒಳಗೆ ಸ್ವಲ್ಪ ರಕ್ತ ಒಸರಿರುತ್ತದೆ. ಮೊದಲ ಎರಡು ಮೂರು ದಿನಗಳಲ್ಲಿ ತಿಕ್ಕಿದರೂ ಬಿಸಿ ಶಾಖ ಕೊಟ್ಟರೂ ಆ ಒಸರುವಿಕೆ ಮತ್ತು ಬಾವು ಹೆಚ್ಚಬಹುದು. ಮಂಜುಗಡ್ಡೆಯನ್ನು ಟವೆಲಿನಲ್ಲಿ ಸುತ್ತಿ, ದಿನಕ್ಕೆ ಮೂರು ನಾಲ್ಕು ಸಲ, ಪ್ರತಿ ಸಲ 15 ನಿಮಿಷ ಇಡಿ. ಏಳುವಾಗ ನೇರವಾಗಿ ಏಳದೆ, ಮಗ್ಗುಲಾಗಿ ಹೊರಳಿ ಕೈಯೂರಿ ಏಳಲಿ. ಕೆಮ್ಮು ಬಂದರೆ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿಯಲಿ. ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ಕೊಡಿ. ಮಕ್ಕಳಿಗೆ ಆಸ್ಪಿರಿನ್ ಬೇಡ.

ಅಂಗಾತ ಮಲಗಿಸಿ, ನೋವಿರುವ ಜಾಗದ ಮೇಲೆ ಬೆರಳಿಟ್ಟು, ತಲೆಯನ್ನು ಸ್ವಲ್ಪ ಎತ್ತಲು ಹೇಳಿ. ಆಗ ನೋವು ಹೆಚ್ಚಿದರೆ ಅದು ಹೊಟ್ಟೆಯ ಗೋಡೆಯ ಸ್ನಾಯುವಿನದೇ ಇರುವ ಸಂಭವ ಹೆಚ್ಚು. ಆದರೂ ಒಮ್ಮೆ ವೈದ್ಯರಿಗೆ ತೋರಿಸಿ. ಜ್ವರ ಅಥವಾ ವಾಂತಿ ಬಂದರೆ, ನೋವು ಬಲಗಡೆ ಕೆಳಹೊಟ್ಟೆಗೆ ಇಳಿದರೆ, ಕೆಮ್ಮಿದಾಗ ಗಂಟು ಉಬ್ಬಿದರೆ, ಮೂತ್ರದಲ್ಲಿ ರಕ್ತ ಕಂಡರೆ ಬೆಳಗಾಗುವವರೆಗೆ ಕಾಯಬಾರದು.

ಉತ್ತರ 2 (ಜಿಮ್ನಾಸ್ಟಿಕ್ಸ್ ತರಬೇತುದಾರ, ಯಾದಗಿರಿ)

ಸ್ಪರ್ಧೆಯ ವಿಷಯವನ್ನು ನೇರವಾಗಿ ಹೇಳುತ್ತೇನೆ, ತಾಯಿ: ಈ ಸಲ ಬಿಡಿಸಿ. ಹಿಂದಕ್ಕೆ ಲಾಗ ಹೊಡೆಯುವಾಗ ಹೊಟ್ಟೆಯ ಸ್ನಾಯು ಪೂರ್ತಿ ಹಿಗ್ಗಿ, ಮರುಕ್ಷಣವೇ ಜೋರಾಗಿ ಕುಗ್ಗಬೇಕಾಗುತ್ತದೆ; ಅರ್ಧ ಮಾಗಿದ ಸ್ನಾಯು ಹರಿಯುವುದು ಅಲ್ಲಿಯೇ. ಹಗುರವಾದ ಗಾಯಕ್ಕೆ ಎರಡು ಮೂರು ವಾರ ಸಾಕಾಗಬಹುದು, ಆಳವಾದದ್ದಕ್ಕೆ ಆರು ವಾರ ಅಥವಾ ಹೆಚ್ಚು ಬೇಕು. ನನ್ನ ಹತ್ತಿರ ಕಲಿಯುತ್ತಿದ್ದ ಹುಡುಗನೊಬ್ಬ ಹೊಟ್ಟೆಗೆ ಬೆಲ್ಟ್ ಬಿಗಿದುಕೊಂಡು 12ನೆಯ ದಿನಕ್ಕೇ ಮ್ಯಾಟಿಗೆ ಇಳಿದ. ಅದೇ ಜಾಗ ಮತ್ತೆ ಹರಿದು ಎರಡು ತಿಂಗಳು ಕುಳಿತ. ಅವನನ್ನು ತಡೆಯದಿದ್ದದ್ದು ನನ್ನ ತಪ್ಪು.

ಕೆಮ್ಮು, ನಗು ನೋವಿಲ್ಲದೆ ಬಂದ ಮೇಲೆ ಉಸಿರಾಟದ ವ್ಯಾಯಾಮದಿಂದ ಶುರುಮಾಡಿ, ಆಮೇಲೆ ಪ್ಲ್ಯಾಂಕ್ (ಮೊಣಕೈ ಮತ್ತು ಕಾಲ್ಬೆರಳುಗಳ ಮೇಲೆ ಮೈಯನ್ನು ನೇರವಾಗಿ ಹಿಡಿಯುವುದು), ಅದೂ ನೋಯದಿದ್ದರೆ ಮುಂದಕ್ಕೆ ಹೊಡೆಯುವ ಲಾಗ. ಕಮಾನಿನಂತೆ ಹಿಂದಕ್ಕೆ ಬಾಗುವುದು ಎಲ್ಲಕ್ಕಿಂತ ಕೊನೆಗೆ. ಸಡಿಲವಾಗಲಿ ಎಂದು ಈಗ ಬಾಗಿಸಿ ಎಳೆಯಬೇಡಿ.

ಪ್ರಶ್ನೆ ಕೇಳಿದವರು

ನೀವು ಹೇಳಿದಂತೆ ತಲೆ ಎತ್ತಿಸಿದೆ, ನೋವು ಹೆಚ್ಚಾಯಿತು. ನಾಳೆ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯುತ್ತೇನೆ. ಸ್ಪರ್ಧೆಗೆ ಕಳಿಸುವುದಿಲ್ಲವೆಂದು ಶಾಲೆಗೂ ತಿಳಿಸಿದ್ದೇನೆ, ಮಗಳು ಅತ್ತಳು. ಪುಸ್ತಕದ ಚೀಲ ಹೊರಬಹುದೇ?

ಉತ್ತರ 1

ಈ ವಾರ ಬೇಡ, ಅಕ್ಕಾವರೇ. ಚೀಲವನ್ನು ನೀವೇ ಶಾಲೆಯವರೆಗೆ ಮುಟ್ಟಿಸಿ.